ಕೆಲಸವಿಲ್ಲದ ನಾಯಿಯೂ ನಾನು ಕುಡಿದ ಮಜ್ಜಿಗೆಯೂ

ಧರ್ಮಪುರದ ಕಡೆಯ ಒಂದು ಹಳ್ಳಿಯಲ್ಲಿ ನಾನು ಟಪಾಲು ಹಂಚುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನೆಂದು ಊರಿನಲ್ಲಿ ಮರ್ಯಾದೆಯಿತ್ತು. ಆ ಮರ್ಯಾದೆಯನ್ನು ನಾನು ಏನು ಮಾಡಿದೆನೆಂದು ಈ ವಯಸ್ಸಿನಲ್ಲಾದರೂ ಹೇಳಿಬಿಡಬೇಕು.

ಒಮ್ಮೆ ಊರ ಪಕ್ಕದ ಹೊಲದಲ್ಲಿ ಊರೂರು ಅಲೆಯುವ ಕುರಿಗಾಹಿಗಳು ಮಂದೆ ಬಿಟ್ಟಿದ್ದರು. ಅವರ ನಾಯಿಯ ಮುಂಗಾಲಿಗೆ ಬಸ್ಸು ತಾಗಿ ಅದು ಕುಂಟುತ್ತಿತ್ತು. ಮಂದೆ ಹೊರಡುವ ದಿನ ಕುರಿಗಾಹಿ ಅಜ್ಜ ಕೇಳಿದ: "ಇದು ನಮ್ ಜತಿಗೆ ನಡಿಯಾಕಿಲ್ಲ. ನೀನು ಸಾಕ್ಕಂತೀಯೇನಪ್ಪ?"

ಮಂದೆಯವರು ನಾಲ್ಕು ಜನ ನೋಡುತ್ತಿದ್ದರು. "ಅದಕ್ಕೇನಜ್ಜ, ಒಂದು ಮುದ್ದೆ ಜಾಸ್ತಿ ತಿರುವಿದ್ರಾಯ್ತು" ಎಂದೆ.

"ಮುದ್ದೆ ಹಾಕಿದ್ರೆ ಸಾಲ್ದು. ಕೆಲ್ಸ ಕೊಡ್ಬೇಕು. ಕೊಡ್ದಿದ್ರೆ ಅದೇ ಹುಡಿಕ್ಕಂತೈತೆ."

ನಾನು ನಕ್ಕೆ. ನಾಯಿಗೇನು ಕೆಲಸ, ಬೊಗಳುವುದು ತಾನೆ?

ಕಾಲು ವಾಸಿಯಾದ ವಾರಕ್ಕೆ, ಒಂದು ಸಂಜೆ, ಹೆಂಡತಿ ಹಿತ್ತಲಿನಿಂದ ಕೂಗಿದಳು: "ಏನ್ರೀ, ಇವು ಯಾರ ಮೇಕೆ?" ನಾಲ್ಕು ಮೇಕೆಗಳು ಕರಿಬೇವಿನ ಗಿಡ ಬೋಳಿಸುತ್ತಿದ್ದವು. ನಾಯಿ ಬೇಲಿಯ ದಣಪೆಗೆ ಅಡ್ಡ ಕೂತು, ಲೆಕ್ಕ ಸರಿಯಿದೆಯೇ ನೋಡಿಕೊಳ್ಳಿ ಎಂಬಂತೆ ನನ್ನ ಮುಖ ನೋಡುತ್ತಿತ್ತು.

ಮೇಕೆಗಳು ಕೆಳಗಿನ ಕೇರಿಯ ಅಜ್ಜಿಯವು. ಹೊಡೆದುಕೊಂಡು ಹೋದೆ. ಅಜ್ಜಿ ಹುಡುಕಿ ಸುಸ್ತಾಗಿ ಕೂತಿದ್ದಳು. "ಎಲ್ಲಿ ಸಿಕ್ವಪ್ಪ ನನ್ನ ದೇವ್ರೇ?" ಎಂದವಳೇ ಒಂದು ಚೊಂಬು ಮಜ್ಜಿಗೆ ಕೈಗಿಟ್ಟಳು. ಮಜ್ಜಿಗೆಗೆ ಇಂಗು ಹಾಕಿದ್ದಳು. ನಿಜ ನಾಲಿಗೆಯ ಮೇಲೆಯೇ ಇತ್ತು. ಮಜ್ಜಿಗೆಯ ಜೊತೆ ಒಳಗೆ ಹೋಯಿತು. "ಹಳ್ಳದ ತಾವ ಸಿಕ್ವಜ್ಜಿ" ಎಂದೆ.

ಆಮೇಲೆ ನಾಯಿ ಬಿಡುವಾದಾಗಲೆಲ್ಲ ಯಾರದಾದರೂ ಮೇಕೆ, ಕುರಿ ತಂದು ಹಿತ್ತಲಲ್ಲಿ ಕೂಡಿಹಾಕತೊಡಗಿತು. ನಾಯಿ ನನ್ನದೆಂದು ಯಾರಿಗೂ ಬಾಯಿ ಬಿಡದೆ, ನಾನು ಒಯ್ದು ಒಪ್ಪಿಸಿ ಕಡಲೆಕಾಯಿ, ತುಪ್ಪ, ಒಂದು ಮನೆಯಲ್ಲಿ ಹೋಳಿಗೆಯನ್ನೂ ಪಡೆದೆ. ನನಗೇನೋ ದೃಷ್ಟಿಯಿದೆಯೆಂದು ಸುದ್ದಿಯಾಯಿತು. ಪಕ್ಕದ ಊರಿನವನೊಬ್ಬ ಬಂದು, "ಎಮ್ಮೆ ಕಳ್ದೈತೆ, ಒಸಿ ನೋಡಿ ಹೇಳ್ರಿ" ಎಂದ. ಕಣ್ಣು ಮುಚ್ಚಿ ಮೂಡಣಕ್ಕೆ ಬೆರಳು ತೋರಿಸಿದೆ. ಹಾಳು ಎಮ್ಮೆ ಅಲ್ಲಿಯೇ ಸಿಗಬೇಕೆ! ಮರುದಿನದಿಂದ ನಾನು ವಿಭೂತಿ ಹಚ್ಚತೊಡಗಿದೆ.

"ದುಡಿಯೋದು ನಾಯಿ, ತಿನ್ನೋದು ನೀವು" ಎಂದು ಹೆಂಡತಿ ಅಣಕಿಸುತ್ತಿದ್ದಳು.

ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಬಾವುಟ ಹಾರಿಸಿದ ಮೇಲೆ ನನಗೆ ಸನ್ಮಾನವೆಂದು ನಿಶ್ಚಯವಾಯಿತು. ಮನೆಯಲ್ಲಿ ನಾಯಿಯನ್ನು ಕಟ್ಟಿಹಾಕಿಯೇ ಹೋದೆ. ಹಾರ ಹಾಕಿದರು. ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಮಾತು ಆಡುತ್ತಿದ್ದೆ. ಎರಡನೆಯದರ ನಡುವೆ ಶಾಲೆಯ ಗೇಟಿನಲ್ಲಿ ದೂಳೆದ್ದಿತು. ಕತ್ತಿನಲ್ಲಿ ಕಡಿದ ಹಗ್ಗ ನೇತಾಡಿಸಿಕೊಂಡು ನಾಯಿ, ಅದರ ಮುಂದೆ ಊರಿನ ಅರ್ಧ ಮೇಕೆಗಳು! ಒಂದು ಸುತ್ತು ಹೊಡೆದು ಮೇಕೆ, ಮಕ್ಕಳು, ಮೇಷ್ಟ್ರು ಎಲ್ಲರನ್ನೂ ಒಂದೇ ಗುಂಪು ಮಾಡಿ, ಬಂದು ನನ್ನ ಪಾದದ ಮೇಲೆ ಕೂತಿತು.

"ಲೇ, ಕಳ್ಳ ಸಿಕ್ಕಿದ ಕಣ್ರಲೇ! ಯಾರ್ದು ಈ ನಾಯಿ? ನಾಕು ಬಾರ್ಸಿ ಊರಾಚೆ ಬಿಟ್ಟು ಬರ್ರಿ!" ಎಂದು ಒಬ್ಬ ಕೂಗಿದ.

"ಯಾವ್ದೋ ಬೀದಿನಾಯಿ" ಎಂದೆ ನಾನು.

ಮಜ್ಜಿಗೆ, ತುಪ್ಪ, ಎಮ್ಮೆ ಎಲ್ಲವನ್ನೂ ದೇವರು ಕ್ಷಮಿಸಬಹುದು. ಈ ಮಾತು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ. ಇಬ್ಬರು ಕೋಲು ಹಿಡಿದು ಬಂದರು. ನಾಯಿ ಕದಲಲಿಲ್ಲ. ಕೋಲು ಹಿಡಿದವರೆಂದರೆ ಮಂದೆಯವರು ಎಂದು ತಿಳಿದು ಅವರಿಗೂ ಬಾಲ ಅಲ್ಲಾಡಿಸಿತು.

"ಹೊಡೀಬ್ಯಾಡ್ರಿ, ನಂದೇ ಅದು!" ಎಂದು ಅರಚಿದೆ. "ನಿಮ್ ಮೇಕೆ ತರ್ತಿದ್ದದ್ದು ಅದು. ಹಳ್ಳದಾಗೆ ಸಿಕ್ವು ಅಂತ ಸುಳ್ಳು ಹೇಳಿದ್ದು ನಾನು. ನಂಗೆ ಯಾವ ದೃಷ್ಟೀನೂ ಇಲ್ಲ."

ಒಂದು ಮೇಕೆ ನನ್ನ ಹಾರದ ಸೇವಂತಿಗೆ ತಿನ್ನುತ್ತಿತ್ತು. ಆಗ ಅಜ್ಜಿ ಎದ್ದಳು.

"ಹನ್ನೊಂದು ಚೊಂಬು ಮಜ್ಜಿಗೆ ಕುಡ್ದಿದೀಯಲ್ಲೋ! ಹೊಟ್ಟೆ ಐತೋ, ಗುಡಾಣ ಐತೋ? ಹುಡುಕಿ ಹುಡುಕಿ ನನ್ ಮಂಡಿ ಸವ್ದೋದ್ವು. ನಾಳೆಯಿಂದ ನೀನೇ ಮೇಯಿಸ್ಕಂಡು ಬಾ. ನಾಯೀನೂ ಕರ್ಕಂಡು ಬಾ, ಅದ್ಕಾದ್ರೂ ಕೆಲ್ಸ ಗೊತ್ತೈತೆ!"

ಊರು ಬಿದ್ದು ಬಿದ್ದು ನಕ್ಕಿತು. ಕೋಲುಗಳು ಕೆಳಗಿಳಿದವು.

ಅಜ್ಜಿ ಇರುವವರೆಗೂ, ಟಪಾಲಿನ ಬಸ್ಸು ಬರುವ ಮೊದಲು ಅವಳ ನಾಲ್ಕು ಮೇಕೆಗಳನ್ನು ನಾವಿಬ್ಬರೂ ಮೇಯಿಸಿದೆವು. ನಾಯಿ ಮತ್ತೆ ಯಾರ ಮೇಕೆಯನ್ನೂ ತರಲಿಲ್ಲ. ಅದರ ಲೆಕ್ಕದಲ್ಲಿ ಮಂದೆ ಐದಾಗಿತ್ತು. ನಾನು ಹಿಂದೆ ಬಿದ್ದರೆ ಬಂದು ನನ್ನ ಹಿಮ್ಮಡಿಗೆ ಮೂತಿ ಒತ್ತುತ್ತಿತ್ತು.