ಕಿರುಗಾವಲಿನಾಚೆಯ ವೀರಗಲ್ಲಿಗೆ ಎರಡನೇ ಸಲ

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮಂಡ್ಯದ ಬಸ್ ನಿಲ್ದಾಣದಲ್ಲಿ ಮದ್ದೂರಿನ ಬಸ್ಸು ಹತ್ತಿದೆ. ಜೊತೆಯಲ್ಲಿ ನನ್ನ ಅತ್ತಿಗೆ ಜಯಮ್ಮ ಇದ್ದರು. ಇಬ್ಬರೂ ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿಸಿಕೊಂಡೆವು. ಸೀಟು ಮಾತ್ರ ಸಿಗಲಿಲ್ಲ. ಕಬ್ಬಿನ ಲಾರಿಗಳ ಹಿಂದೆ ತೆವಳುತ್ತಾ ಬಸ್ಸು ಇಪ್ಪತ್ತು ಕಿಲೋಮೀಟರಿಗೆ ಮುಕ್ಕಾಲು ಗಂಟೆ ತೆಗೆದುಕೊಂಡಿತು. ಅಷ್ಟು ಹೊತ್ತೂ ಕಂಬಿ ಹಿಡಿದು ನಿಂತೇ ಇದ್ದೆವು.

ಹೊರಡುವಾಗಲೇ ನನಗೆ ಸಿಟ್ಟು ಬಂದಿತ್ತು. ಅದಕ್ಕೆ ಕಾರಣವಿದೆ. ಊರಿನ ಸಂಘವೊಂದರ ಸ್ಮರಣ ಸಂಚಿಕೆಗೆ ನಮ್ಮ ನಾಡಿನಲ್ಲಿ ನೋಡಲೇಬೇಕಾದ ಕೋಟೆ, ಸ್ಮಾರಕಗಳ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದರು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು, ಸಂತೋಷದಿಂದ ಒಪ್ಪಿದೆ. ಆಮೇಲೆ ಸಂಚಿಕೆಯವರು ಫೋನಿನಲ್ಲಿ ತಾವೇ ಪಟ್ಟಿ ಹೇಳತೊಡಗಿದರು. ಶ್ರೀರಂಗಪಟ್ಟಣ, ಮೇಲುಕೋಟೆ, ಚಿತ್ರದುರ್ಗ, ಹಂಪಿ, ಸಾಕು ಮೇಡಂ ಅಂದರು. ಈ ನಾಲ್ಕರ ವಿಷಯ ಯಾರಿಗೆ ಗೊತ್ತಿಲ್ಲ? ನಮ್ಮವರು ರೈಲು ಹತ್ತಿ ರಾಜಸ್ಥಾನಕ್ಕೆ ಹೋಗಿ ಕೋಟೆ ನೋಡಿ ಬರುತ್ತಾರೆ. ಅಲ್ಲಿ ತೆಗೆದ ಫೋಟೋಗಳನ್ನು ನನಗೂ ಕಳಿಸುತ್ತಾರೆ. ತಮ್ಮೂರಿನ ಕೆರೆ ಏರಿಯ ಮೇಲೆ ನಿಂತ ಕಲ್ಲನ್ನು ಮಾತ್ರ ಕಣ್ಣೆತ್ತಿ ನೋಡುವುದಿಲ್ಲ.

ಹಾಗಾಗಿ ಯಾವ ಪಟ್ಟಿಯಲ್ಲೂ ಇಲ್ಲದ ಮೂರು ಜಾಗ ಆರಿಸಿಕೊಂಡೆ. ಮದ್ದೂರಿನ ಹಳೆಯ ಕೋಟೆ, ಮಳವಳ್ಳಿ ದಾರಿಯ ಒಂದು ಕಲ್ಲಿನ ದೇವಸ್ಥಾನ, ಕಿರುಗಾವಲಿನಾಚೆಯ ಒಂದು ವೀರಗಲ್ಲು. ಮೊದಲಿನ ಎರಡು ನೆಪಕ್ಕೆ. ನನ್ನ ಮನಸ್ಸೆಲ್ಲ ಮೂರನೆಯದರ ಮೇಲಿತ್ತು. ಹನ್ನೊಂದು ವರ್ಷದ ಹಿಂದೆ ಆ ಕಲ್ಲಿನ ಶಾಸನದ ಅಚ್ಚನ್ನು ಕಾಗದದ ಮೇಲೆ ತೆಗೆದು ಓದಿದವಳು ನಾನೇ. ಅಲ್ಲಿಯವರೆಗೆ ಅದು ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಅದರ ಬಗ್ಗೆ ಬರೆದ ಲೇಖನಕ್ಕೆ ದೊಡ್ಡವರಿಂದ ಶಹಬಾಸ್‌ಗಿರಿಯೂ ಸಿಕ್ಕಿತ್ತು. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಈಗ ಸಂಚಿಕೆಯಲ್ಲಿ ಚಿತ್ರ ಬಂದರೆ ನಾಲ್ಕು ಜನ ನೋಡಲು ಹೋಗುತ್ತಾರೆ, ಹೋದವರು ಕೇಳಿದರೆ ಕಲ್ಲಿಗೊಂದು ಬೇಲಿ, ಮೇಲೊಂದು ಸೂರು ಆದೀತು ಎಂಬ ಆಸೆ ನನ್ನದು.

ಮದ್ದೂರಿನಲ್ಲಿ ಇಳಿದು ವಡೆ ತಿಂದು ಕಾಫಿ ಕುಡಿದೆವು. ವಡೆ ಬಿಸಿಯಾಗಿ, ಗರಿಗರಿಯಾಗಿ ಚೆನ್ನಾಗಿತ್ತು. ಅದರ ಮೇಲೆ ನನ್ನ ದೂರಿಲ್ಲ. ಹೋಟೆಲಿನ ಪಕ್ಕದ ಅಂಗಡಿಯಲ್ಲಿ ಕೋಟೆಗೆ ದಾರಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕ್ವಾಟೆ ಎಲ್ಲೈತೆ ಮೇಡಮ್ಮು? ಎಸ್ರು ಒಂದು ಉಳ್ಕಂಡದೆ ಅಷ್ಟೇಯ," ಅಂದ. ಆಮೇಲೆ ಸೈಟು ಅಳೆಯಲು ಬಂದವರೇ ಎಂದು ವಿಚಾರಿಸಿದ.

ಕೋಟೆಯನ್ನು ಶ್ರೀರಂಗಪಟ್ಟಣಕ್ಕೆ ಹೊರಟಿದ್ದ ಬ್ರಿಟಿಷ್ ಸೈನ್ಯ ಕೆಡವಿತು, ಅದು ನನಗೆ ಗೊತ್ತು. ಕೆಡವಿದ ಮೇಲೆ ಉಳಿದದ್ದಾದರೂ ಕಂಡೀತು ಎಂದು ಸುತ್ತಾಡಿದೆ. ಜಗುಲಿಯ ಮೇಲೆ ಕೂತಿದ್ದ ಯಜಮಾನರೊಬ್ಬರು ತಮ್ಮ ತಾತ ಮನೆಯ ಪಾಯಕ್ಕೆ ಕೋಟೆಯ ಕಲ್ಲನ್ನೇ ಹಾಕಿಸಿದ್ದರೆಂದು ಬಹಳ ಹೆಮ್ಮೆಯಿಂದ ಹೇಳಿದರು. ಹೊರಗಿನವರು ಕೆಡವಿದರು, ನಾವು ಹೊತ್ತುಕೊಂಡು ಹೋದೆವು. ಒಂದು ಗೋಡೆಯ ತುಂಡನ್ನೂ ಉಳಿಸಿಕೊಳ್ಳಲಾಗದ ನಮಗೆ ಕೋಟೆಯ ಹೆಸರು ಹೇಳಿಕೊಳ್ಳಲು ಏನು ಹಕ್ಕಿದೆ ಎಂದು ಅವರನ್ನೇ ಕೇಳಿದೆ. ಅವರು ಎಲೆಅಡಿಕೆ ಮುಂದೆ ಮಾಡಿದರು.

ಮಳವಳ್ಳಿ ಬಸ್ಸು ಹಿಡಿದು ನಡುದಾರಿಯಲ್ಲಿ ಇಳಿದೆವು. ಹಿಪ್ಪುನೇರಳೆ ತೋಟ, ಕಬ್ಬಿನ ಗದ್ದೆಗಳ ನಡುವೆ ಎರಡು ಕಿಲೋಮೀಟರ್ ನಡಿಗೆ. ಬಿಸಿಲು ಹದವಾಗಿತ್ತು. ಹೊಯ್ಸಳರ ಕಾಲದ ಪುಟ್ಟ ದೇವಸ್ಥಾನ, ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಒಂಬತ್ತು ಸಾಲಿನ ಶಾಸನ ಇತ್ತು. ಇತ್ತು ಎಂದೇ ಬರೆಯಬೇಕು. ಹೋಗಿ ನೋಡಿದರೆ ದೇವಸ್ಥಾನಕ್ಕೆ ಬುಡದಿಂದ ತುದಿಯವರೆಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ. ದ್ವಾರಪಾಲಕರ ತುಟಿಗೆ ಕೆಂಪು, ಕಣ್ಣಿಗೆ ಕಪ್ಪು. ಶಾಸನದ ಕಲ್ಲಿನ ಮೇಲೆ ಸಿಮೆಂಟು ಹಾಕಿ, ಬಚ್ಚಲುಮನೆಗೆ ಹಾಕುವಂಥ ಬಿಳಿ ಟೈಲ್ಸು ಕೂರಿಸಿದ್ದಾರೆ. ಪಕ್ಕದ ಗೋಡೆಯಲ್ಲಿ ಮಾತ್ರ ಜೀರ್ಣೋದ್ಧಾರಕ್ಕೆ ದಾನ ಕೊಟ್ಟವರ ಹೆಸರುಗಳು ಕಪ್ಪು ಗ್ರಾನೈಟಿನ ಮೇಲೆ ಫಳಫಳ ಹೊಳೆಯುತ್ತಿವೆ.

ನಾನು ಕೂಗಾಡಿದ್ದು ಕೇಳಿ ಸಮಿತಿಯವರೊಬ್ಬರು ಬಂದರು. ಮೊದಲು ಕಲ್ಲು ಕರ್ರಗೆ ಇತ್ತು, ಈಗ ಲಕ್ಷಣವಾಗಿದೆ ಎಂದರು. ಆ ಹಾಸುಗಲ್ಲಿನ ಮೇಲೆ ಏನೋ ಗೀಚಿತ್ತು, ಬರಿಗಾಲಿಗೆ ಒತ್ತುತ್ತಿತ್ತು, ಅದಕ್ಕೇ ನುಣ್ಣಗೆ ಮಾಡಿಸಿದೆವು ಎಂದೂ ಸೇರಿಸಿದರು. ಗೀಚಿದ್ದಲ್ಲ ಸ್ವಾಮಿ, ನಿಮ್ಮ ಊರಿನ ಹುಟ್ಟು ಅದರಲ್ಲಿತ್ತು ಎಂದು ಗಂಟಲು ಹರಿಯುವಂತೆ ಹೇಳಿದೆ. ಅವರು ಪ್ರಸಾದ ತೆಗೆದುಕೊಂಡು ಹೋಗಿ ಎಂದರು. ಅತ್ತಿಗೆ ನನ್ನ ರಟ್ಟೆ ಹಿಡಿದು ಎಳೆದರು.

"ನೀ ಬೈದ್ರೆ ಬಣ್ಣ ಓಯ್ತದಾ? ಬಾ, ಒಟ್ಟೆ ಅಸೀತಾ ಅದೆ."

ಮಳವಳ್ಳಿ ಅತ್ತಿಗೆಯ ತವರೂರು. ಯಾವ ಮೆಸ್ಸಿನಲ್ಲಿ ಮುದ್ದೆ ಚೆನ್ನಾಗಿರುತ್ತದೆ ಎಂದು ಅವರಿಗೆ ಗೊತ್ತು. ಹಸಿ ಅವರೆಕಾಳಿನ ಸಾರು, ಬಿಸಿ ಮುದ್ದೆ, ಆಮೇಲೆ ಮಜ್ಜಿಗೆ. ಉಣ್ಣುವಾಗಲೂ ನನ್ನ ಬಾಯಿ ನಿಲ್ಲಲಿಲ್ಲ. ಈ ಜನಕ್ಕೆ ತಿಳಿವಳಿಕೆ ಇಲ್ಲ, ಕೇಳಿ ತಿಳಿದುಕೊಳ್ಳುವ ಬುದ್ಧಿಯೂ ಇಲ್ಲ ಎಂದೆ. ಅತ್ತಿಗೆ ಮುದ್ದೆ ಮುರಿಯುತ್ತಾ ಹೂಂಗುಟ್ಟಿದರು. ಕಿರುಗಾವಲಿನ ಕಲ್ಲನ್ನು ನೋಡಿದರೆ ನಿಮಗೇ ಗೊತ್ತಾಗುತ್ತದೆ, ಅದೊಂದಾದರೂ ಸುಖವಾಗಿದೆ ಎಂದು ಹೇಳಿ ಕೈ ತೊಳೆದೆ.

ಕಿರುಗಾವಲಿನಲ್ಲಿ ಬಸ್ಸಿಳಿದಾಗ ಎರಡೂವರೆ. ಅಲ್ಲಿಂದ ಕಲ್ಲಿರುವ ಊರಿಗೆ ಹೋಗಿಬರಲು ಆಟೋದವನು ನಾನೂರು ಕೇಳಿ ಮುನ್ನೂರಕ್ಕೆ ಒಪ್ಪಿದ. ಕೆರೆ ಏರಿಯ ಹತ್ತಿರದ ಕಲ್ಲು ನೋಡಬೇಕು ಎಂದಾಗ ಅವನು ತಿರುಗಿ ನೋಡಿದ.

"ಓ, ನಿಧಿ ಕಲ್ಲಾ?"

ನಿಧಿಯೂ ಅಲ್ಲ ಏನೂ ಅಲ್ಲ, ವೀರಗಲ್ಲು ಎಂದು ಗದರಿದೆ. ಕಲ್ಲಿನ ಮೇಲೆ ಅಕ್ಷರ ಕಂಡರೆ ಸಾಕು, ಕೆಳಗೆ ಚಿನ್ನದ ಕೊಪ್ಪರಿಗೆ ಇದೆ ಎನ್ನುವ ನಮ್ಮವರ ಹುಚ್ಚಿನ ಬಗ್ಗೆ ದಾರಿಯುದ್ದಕ್ಕೂ ಅವನಿಗೆ ಪಾಠ ಮಾಡಿದೆ. ಅವನು ಹಾರನ್ ಹೊಡೆಯುತ್ತಾ ಆಟೋ ಓಡಿಸಿದ.

ಆ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಕಲ್ಲು ಹೊಂಗೆ ಮರದ ಕೆಳಗೆ ಆಳೆತ್ತರ ನಿಂತಿತ್ತು. ಕೆಳಗಿನ ಅಂಕಣದಲ್ಲಿ ದನಗಳ ಸಾಲು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬನೇ ಆಳು. ನಡುವಿನ ಅಂಕಣದಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲಿನದರಲ್ಲಿ ಲಿಂಗ, ಅದರ ಮೇಲೆ ಸೂರ್ಯ ಚಂದ್ರ. ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರ. ಹನ್ನೊಂದು ವರ್ಷದ ಹಿಂದೆ ನಾನು ಕಂಡದ್ದು ಇದು. ಈಗ ಹೊಂಗೆ ಮರ ಮಾತ್ರ ನಿಂತಿತ್ತು. ಅದರ ಬುಡದಲ್ಲಿ ಆಳುದ್ದದ ಗುಂಡಿ, ಗುಂಡಿಯ ತುಂಬ ಲಂಟಾನದ ಪೊದೆ. ಕಲ್ಲಿನ ಮೇಲ್ತುಂಡು ಅಂಚಿನಲ್ಲಿ ಓರೆಯಾಗಿ ಬಿದ್ದಿತ್ತು. ಸೂರ್ಯ ಚಂದ್ರ ಇದ್ದ ಕಡೆ ಸುತ್ತಿಗೆಯಿಂದ ಜಜ್ಜಿದ್ದರು. ಅಕ್ಷರದ ಪಟ್ಟಿಗಳು ಚೂರುಚೂರಾಗಿದ್ದವು. ಮಣ್ಣು ಕೆದಕಿ ಒಂದು ಚೂರು ಎತ್ತಿಕೊಂಡೆ. ಅದರಲ್ಲಿ ಒಂದೂವರೆ ಅಕ್ಷರ ಉಳಿದಿತ್ತು.

ನನಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಏರಿಯ ಮೇಲೆ ಕೂತಿದ್ದ ಗಂಡಸರ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದೆ. ನಿಮ್ಮ ಕಣ್ಣೆದುರಿಗೆ ಒಡೆದರಲ್ಲ, ಏನು ಮಾಡುತ್ತಿದ್ದಿರಿ, ನೀವೂ ಮನುಷ್ಯರೇ ಎಂದೆ.

ಗಲಾಟೆ ಕೇಳಿ ಪಕ್ಕದ ಬೀದಿಯಿಂದ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಂದರು. ದೊಡ್ಡತಾಯಮ್ಮ. ಹಿಂದಿನ ಸಲ ಅಚ್ಚಿನ ಕಾಗದ ನೆನೆಸಲು ದಿನವಿಡೀ ನನಗೆ ನೀರು ಹೊತ್ತು ತಂದುಕೊಟ್ಟವರು ಇವರೇ. ಜೊತೆಯಲ್ಲಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ ಮಾಡುವ ಮಗ ಸಿದ್ದರಾಜು. ಅವರ ಮನೆಯವರು ಬೌದ್ಧರಾಗಿ ಬಹಳ ವರ್ಷವಾಗಿದೆ. ಆದರೂ ವರ್ಷಕ್ಕೊಮ್ಮೆ ಈ ಕಲ್ಲಿನ ಮುಂದೆ ಎಡೆ ಇಡುತ್ತಿದ್ದರು. ಹಾಗೇಕೆ ಎಂದು ಆಗ ಸಿದ್ದರಾಜುವನ್ನು ಕೇಳಿದ್ದಕ್ಕೆ, "ದ್ಯಾವ್ರ ಪೂಜೆ ಎಲ್ಲಾ ಬುಟ್ಟಿದ್ದೀವಿ ಮೇಡಂ. ಇದು ದ್ಯಾವ್ರಲ್ಲ, ನಮ್ಮೋರು ಯಾರೋ," ಎಂದಿದ್ದ.

ದೊಡ್ಡತಾಯಮ್ಮ ನನ್ನ ಕೂಗಾಟ ಮುಗಿಯುವವರೆಗೆ ಕಾದರು.

"ಒಡ್ದೋರು ಈ ಊರೋರಲ್ಲ ಕಣವ್ವ," ಎಂದರು. "ನೀವು ಅವತ್ತು ಒತ್ತು ಮುಳುಗಗಂಟ ಕಲ್ಲಿಗೆ ಕಾಗ್ದ ಮೆತ್ತಿ, ಮಸಿ ಬಳ್ದು, ಸುತ್ಕಂಡು ಒಂಟೋದ್ರಿ. ಏನು ಬರ್ದದೆ ಅಂತ ನಾನೇ ಕೇಳ್ದೆ. ನಿಂಗೆ ಅರ್ತ ಆಗಕಿಲ್ಲ ಬುಡು ಅಂದ್ರಿ."

ಅಂದಿದ್ದೆ. ಹೇಳಿದ ತಕ್ಷಣ ನೆನಪಾಯಿತು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ಕೈತುಂಬ ಮಸಿ, ಸುತ್ತ ಜನ ಮುತ್ತಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು. ಹಳಗನ್ನಡ, ನಿಮಗೆಲ್ಲ ಅರ್ಥ ಆಗಲ್ಲ ಬಿಡಿ ಎಂದು ಕಾಗದದ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಿದ್ದೆ.

ಉಳಿದದ್ದನ್ನು ಸಿದ್ದರಾಜು ಹೇಳಿದ. ಮಂಡ್ಯದಿಂದ ಓದಿದ ಹೆಂಗಸು ಬಂದು ಕಲ್ಲಿನ ಬರಹವನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡಳು, ಎಷ್ಟು ಕೇಳಿದರೂ ಗುಟ್ಟು ಬಿಡಲಿಲ್ಲ ಎಂಬ ಮಾತು ಮೊದಲು ಊರಿನಲ್ಲಿ ಎದ್ದಿತು. ಗುಟ್ಟು ಮಾಡಬೇಕಾದರೆ ಅದು ನಿಧಿಯೇ ಇರಬೇಕೆಂದು ಸಂತೆಯಲ್ಲಿ ಆಡಿಕೊಂಡರು. ಮಾತು ಊರಿಂದ ಊರಿಗೆ ಹೋಯಿತು. ಮರುವರ್ಷ ಒಂದು ಅಮಾವಾಸ್ಯೆ ಕಳೆದ ಬೆಳಿಗ್ಗೆ ಎದ್ದು ನೋಡಿದರೆ ಗುಂಡಿ, ನಿಂಬೆಹಣ್ಣು, ಕುಂಕುಮ, ಒಡೆದ ಕಲ್ಲು. ತಾಯಿ ಮಗನೇ ಹೋಗಿ ಪೊಲೀಸರಿಗೆ ದೂರು ಕೊಟ್ಟರು. ಒಡೆದವರು ಯಾರೆಂದು ಗೊತ್ತಾಗಲಿಲ್ಲ. ಅಮ್ಮ ಮೂರು ದಿನ ಉಣ್ಣಲಿಲ್ಲ ಎಂದು ಸಿದ್ದರಾಜು ಹೇಳಿದಾಗ ದೊಡ್ಡತಾಯಮ್ಮ ಅವನ ತೋಳು ತಟ್ಟಿ ಸುಮ್ಮನಿರಿಸಿದರು.

ನಾನು ನಿಧಿಯ ಮಾತೇ ಎತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ನಿಜ, ಎತ್ತಿರಲಿಲ್ಲ. ನಿಧಿಯಲ್ಲ ಎಂದೂ ಹೇಳಿರಲಿಲ್ಲ. ಬೆಳಿಗ್ಗೆಯಿಂದ ಇಡೀ ಜಿಲ್ಲೆಯನ್ನು ಬೈದುಕೊಂಡು ಬಂದ ನನಗೆ ಆಗ ತಲೆಯೆತ್ತಲು ಆಗಲಿಲ್ಲ. ನಾಚಿಕೆಯಾಯಿತು. ಆಟೋದವನು ದೂರದಲ್ಲಿ ನಿಂತು ನೋಡುತ್ತಿದ್ದ.

"ಈಗ್ಲಾದ್ರೂ ಯೋಳಿ," ಎಂದರು ದೊಡ್ಡತಾಯಮ್ಮ. "ಏನು ಬರ್ದಿತ್ತು?"

ಬಾಯಿಪಾಠವಾಗಿತ್ತು. ಆಡುವ ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಕಳ್ಳರು ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಮಾರನ ಮಗ ಕೆಂಚ ಅಡ್ಡ ನಿಂತು ಕಾದಾಡಿದ. ದನಗಳನ್ನೆಲ್ಲ ಮರಳಿಸಿ ತಾನು ಸತ್ತ. ಊರವರೆಲ್ಲ ಸೇರಿ ಅವನ ಮನೆಯವರಿಗೆ ಕೆರೆಯ ಕೆಳಗೆ ಗದ್ದೆ ಬಿಟ್ಟು ಈ ಕಲ್ಲು ನಿಲ್ಲಿಸಿದರು. ಇದನ್ನು ಕೆಡಿಸಿದವನಿಗೆ ಗಂಗೆಯ ದಡದಲ್ಲಿ ಹಸುವನ್ನು ಕೊಂದ ಪಾಪ. ಅಷ್ಟೇ. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಅರ್ಥವಾಗದ ಮಾತು ಅದರಲ್ಲಿ ಒಂದೂ ಇರಲಿಲ್ಲ.

"ಎಸ್ರು ಇನ್ನೊಂದ್ಸಲ ಯೋಳಿ."

"ಕೆಂಚ."

ದೊಡ್ಡತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಸಿದ್ದರಾಜು ಕಲ್ಲಿನ ಕಡೆ ನೋಡುತ್ತಾ, ತನ್ನ ತಾತನ ಹೆಸರು ಕೆಂಚಯ್ಯ ಎಂದ. ಅವರ ಮನೆಯಲ್ಲಿ ತಲೆಮಾರಿಗೊಬ್ಬರಿಗೆ ಆ ಹೆಸರು ಇಡಲೇಬೇಕಂತೆ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಅದು ಮಾವನ ಹೆಸರಾದ್ದರಿಂದ ದೊಡ್ಡತಾಯಮ್ಮ ಮದುವೆಯಾಗಿ ಬಂದ ದಿನದಿಂದ ಬಾಯಿಬಿಟ್ಟು ಹೇಳಿದವರಲ್ಲ.

"ಅವತ್ತೇ ಇದ ಯೋಳಿದ್ರೆ," ಎಂದರು, "ಈ ಕಲ್ಲಿನ ಬುಡಕ್ಕೆ ಒಂದು ನರಪಿಳ್ಳೇನೂ ಬುಡ್ತಿರ್ನಿಲ್ಲ ಕಣವ್ವ ನಾವು."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಟೀ ಕೊಟ್ಟರು. ಸಕ್ಕರೆ ಎಷ್ಟು ಬೇಕೆಂದು ನನ್ನನ್ನು ಕೇಳಿ ಬೇರೆಯಾಗಿ ಹಾಕಿದರು. ಬುದ್ಧನ ಪಟದ ಕೆಳಗೆ ಕೂತು ಶಾಸನದ ಮಾತನ್ನೆಲ್ಲ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಮನೆಯಲ್ಲಿರುವ ಅಚ್ಚಿನ ಕಾಗದವನ್ನು ತಂದು ಒಪ್ಪಿಸುತ್ತೇನೆಂದೂ ಮಾತು ಕೊಟ್ಟೆ. ಅದರಿಂದ ಕಲ್ಲು ಕೂಡಿಕೊಳ್ಳುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಆಟೋ ಹತ್ತುವಾಗ ನಾಲ್ಕೂವರೆ. ಅತ್ತಿಗೆ ನನ್ನ ಕೈ ಹಿಡಿದುಕೊಂಡು ಕೂತರು. ಏರಿ ತಿರುಗುವ ಕಡೆ ಎಮ್ಮೆಗಳು ಅಡ್ಡ ಬಂದು ಆಟೋ ನಿಂತಿತು. ಹಿಂತಿರುಗಿ ನೋಡಿದೆ. ಹೊಂಗೆ ಮರದ ಕೆಳಗೆ ಏಳೆಂಟು ಹೆಂಗಸರು ಸೇರಿದ್ದರು. ದೊಡ್ಡತಾಯಮ್ಮ ಗುಂಡಿಯ ಅಂಚಿನಲ್ಲಿ ನಿಂತು, ಮೊದಲು ಅಕ್ಷರಗಳಿದ್ದ ಜಾಗದ ಬರಿ ಗಾಳಿಯಲ್ಲಿ ಬೆರಳಾಡಿಸುತ್ತಾ ಅವರಿಗೆ ಓದಿ ಹೇಳುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಮಗನ ಮುಖ ನೋಡಿದರು. ಸಿದ್ದರಾಜು ಆ ಹೆಸರನ್ನು ಏರಿಯ ಮೇಲಿದ್ದ ಗಂಡಸರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.