ಟ್ರ್ಯಾಕ್ಟರಿಗೆ ಗಾಳಿ ಸೇರಿದ ಮುಂಗಾರು

ಬಾಗಲೂರಿನ ಆಚೆ ಆಗಿನ್ನೂ ಹೊಲಗಳಿದ್ದವು. ತಲೆಯ ಮೇಲೆ ವಿಮಾನ ಹಾರಿದರೂ ಕೆಳಗೆ ರಾಗಿಯೇ ಬೆಳೆಯುತ್ತಿತ್ತು. ನಮ್ಮ ದೊಡ್ಡಪ್ಪ ಎತ್ತುಗಳನ್ನು ಮಾರಿ ಸಣ್ಣದೊಂದು ಡೀಸೆಲ್ ಟ್ರ್ಯಾಕ್ಟರ್ ತಂದಿದ್ದರು. ಅದನ್ನು ಹೊಲಕ್ಕಿಂತ ಹೆಚ್ಚಾಗಿ ಓಡಿಸಿದ್ದು ಬಾಗಲೂರಿನ ಟೀ ಅಂಗಡಿಗೆ. ಇಂಜಿನ್ನಿನ ಸದ್ದು ದಾರಿಹೋಕರಿಗೆಲ್ಲ ಕೇಳಿಸಲೆಂದು ಆಫ್ ಕೂಡ ಮಾಡದೆ, ಕಾಲ ಮೇಲೆ ಕಾಲು ಹಾಕಿ ಟೀ ಕುಡಿಯುತ್ತಿದ್ದರು. ಅಂಥ ಬಡಾಯಿ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಆ ವರ್ಷ ಒಳ್ಳೆ ಮಳೆ ಬಿದ್ದು ಹೊಲ ಹದವಾಗಿತ್ತು. ಹಸಿ ಮಣ್ಣಿನ ವಾಸನೆ ಅಂಗಳದವರೆಗೂ ಬರುತ್ತಿತ್ತು. ಹದ ಆರುವುದರೊಳಗೆ ಉತ್ತು, ರಾಗಿ ಬಿತ್ತಿ, ನಡುವೆ ಅವರೆ ಸಾಲು ಹಾಕಬೇಕು. ತಪ್ಪಿದರೆ ಆ ವರ್ಷದ ಬೆಳೆ ಇಲ್ಲ. ಅಮ್ಮ ಬಿತ್ತನೆಯ ಅವರೆಯನ್ನು ಆರಿಸಿ ಮೊರದಲ್ಲಿ ಇಟ್ಟುಕೊಂಡಿದ್ದಳು. ಅವತ್ತೇ ಟ್ರ್ಯಾಕ್ಟರ್ ಟೀ ಅಂಗಡಿಯಿಂದ ಬರುವ ದಾರಿಯಲ್ಲಿ ಡೀಸೆಲ್ ಮುಗಿದು ನಿಂತಿತು. ದೊಡ್ಡಪ್ಪ ಕ್ಯಾನಿನಲ್ಲಿ ತರಿಸಿ ಸುರಿದರು. ಸೆಲ್ಫ್ ಹೊಡೆದರೆ ಗರಗರ ಅನ್ನುವುದು, ಹತ್ತಿಕೊಳ್ಳದು. ಹೊಡೆದು ಹೊಡೆದು ಬ್ಯಾಟರಿಯೂ ಕೂತುಹೋಯಿತು. ಕೊನೆಗೆ ಊರವರು ತಳ್ಳಿಕೊಂಡು ಬಂದು ಮನೆ ಮುಂದೆ ಬಿಟ್ಟರು.

"ಪೂರಾ ಖಾಲಿ ಮಾಡಿದ್ರಲ್ಲ ಭಾವ, ಅದಕ್ಕೇ ಏನೋ ಆಗಿರ್ಬೇಕು" ಅಂದಳು ಅಮ್ಮ, ಬಾಗಿಲ ಹಿಂದಿನಿಂದ.

"ಮುದ್ದೆ ತೊಳ್ಸೋರಿಗೆ ಇಂಜಿನ್ ವಿಷ್ಯ ಯಾಕೆ? ಒಳಗೋಗಮ್ಮ."

ಮೆಕ್ಯಾನಿಕ್ ಯಾವುದೋ ಮದುವೆಗೆ ಹೋಗಿದ್ದ. ದೊಡ್ಡಪ್ಪ ಫೋನ್ ಮಾಡಿದಾಗ ವಾಲಗದ ಗದ್ದಲದ ನಡುವೆ ಅವನು ಕೂಗಿದ್ದು ನಮಗೂ ಕೇಳಿಸಿತು: "ಗಾಳಿ ಸೇರ್ಕೊಂಡೈತೆ ಗೌಡ್ರೇ! ಗಾಳಿ ತೆಗೀಬೇಕು, ನಾನು ಬರೋಗಂಟ ಮುಟ್ಬೇಡಿ!"

ಟ್ಯಾಂಕು ಪೂರಾ ಬರಿದಾಗಿ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದೆ ಅಂತ ಅವನು ಹೇಳಿದ್ದು. ದೊಡ್ಡಪ್ಪನಿಗೆ ಗೊತ್ತಿದ್ದ ಗಾಳಿಯೋ ಹುಣಸೇಮರದಿಂದ ಇಳಿದು ಮೈಮೇಲೆ ಬರುವಂಥದ್ದು. ಮುಖ ಬಿಳಿಚಿಕೊಂಡಿತು. "ಅದಕ್ಕೇ ಅನ್ಕೊಂಡೆ, ಸರಿಯಾಗಿ ಸುಡುಗಾಡಿನ ತಿರುವಲ್ಲೇ ನಿಂತೋಯ್ತು" ಅಂದರು.

ಮಾರನೆಯ ದಿನ ಪೂಜಾರಿ ಬಂದ. ಬಾನೆಟ್ಟಿಗೆ ಕುಂಕುಮ, ಸೈಲೆನ್ಸರಿಗೆ ನಿಂಬೆಹಣ್ಣು, ಸುತ್ತ ಸಾಂಬ್ರಾಣಿ ಹೊಗೆ. ಬೇವಿನ ಸೊಪ್ಪಿನಲ್ಲಿ ಬಾನೆಟ್ಟಿಗೆ ಬಡಿಯುತ್ತಾ "ಯಾವೋಳೇ ನೀನು? ಬಿಟ್ಟೋಯ್ತೀಯೋ ಇಲ್ವೋ?" ಎಂದು ಗದರಿದ. ದೊಡ್ಡಪ್ಪ ಕೈಮುಗಿದು ಟ್ರ್ಯಾಕ್ಟರಿನ ಉತ್ತರಕ್ಕೆ ಕಾದರು. ನಾವು ಮಕ್ಕಳು ಲಗೋರಿ ಬಿಟ್ಟು ಅದನ್ನೇ ಆಟ ಮಾಡಿಕೊಂಡೆವು: ಒಬ್ಬರು ಪೂಜಾರಿ, ಒಬ್ಬರು ಟ್ರ್ಯಾಕ್ಟರ್. ನಮ್ಮ ಟ್ರ್ಯಾಕ್ಟರಾದರೂ ಸ್ಟಾರ್ಟ್ ಆಗುತ್ತಿತ್ತು.

ಹೊಲ ಒಣಗುತ್ತಿತ್ತು. ಪಕ್ಕದ ಹೊಲದವರು ತಮ್ಮದು ಮುಗಿಸಿ, "ನಿಮ್ದೂ ಉತ್ಕೊಡ್ತೀವಿ" ಅಂದರು. "ನಮ್ಮನೇಲಿ ಟ್ರ್ಯಾಕ್ಟರ್ ಇಟ್ಕೊಂಡು ಬೇರೇರ್ದು ಇಳಿಸೋದಾ ಒಲಕ್ಕೆ?" ಎಂದಿತು ನಮ್ಮ ದೊಡ್ಡ ಮನುಷ್ಯ.

ಮೆಕ್ಯಾನಿಕ್ ಬರುವಷ್ಟರಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ನಿಂಬೆಹಣ್ಣು ಕಂಡು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ಬುಸುಬುಸು ನೊರೆ ಬಂತು, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿದು, ತಾನು ತಂದ ಬ್ಯಾಟರಿ ತಗುಲಿಸಿ ಸೆಲ್ಫ್ ಹೊಡೆದ. ಹೊಗೆ ಕಾರಿಕೊಂಡು ಇಂಜಿನ್ ಹತ್ತಿತು.

"ಓಯ್ತು ನೋಡಿ ನಿಮ್ ದೆವ್ವ!"

"ಎಲ್ಲಾ ಪೂಜೆ ಫಲ ಕಣಪ್ಪ" ಅಂದರು ದೊಡ್ಡಪ್ಪ. ಆ ಭಂಡತನಕ್ಕೆ ನನಗೆ ಈಗಲೂ ಮೈ ಉರಿಯುತ್ತದೆ.

ಬಿತ್ತನೆ ಕಾಲ ಮುಗಿಯುವವರೆಗೂ ಮತ್ತೆ ಹದ ಮಳೆ ಬರಲಿಲ್ಲ. ಬಿತ್ತಬೇಕಿದ್ದ ಅವರೆಯನ್ನು ಅಮ್ಮ ಸಾರಿಗೆ ಹಾಕಿದಳು. ಪಾಳು ಬಿದ್ದ ಹೊಲ ತೋರಿಸಿ, "ಇದ್ರಾಗೇನ್ ಬೆಳೀತೈತೆ?" ಎಂದು ದೊಡ್ಡಪ್ಪ ಮರುವರ್ಷ ಅದನ್ನು ಲೇಔಟಿಗೆ ಕೊಟ್ಟರು. ಅವರು ತೋರಿಸಿದ ಕಡೆ ಅಪ್ಪ ಸಹಿ ಹಾಕಿದರು.

ಈಗ ಆ ಟ್ರ್ಯಾಕ್ಟರಿಗೆ ಬಣ್ಣ ಬಳಿದು ಲೇಔಟಿನ ಕಮಾನಿನ ಕೆಳಗೆ ನಿಲ್ಲಿಸಿದ್ದಾರೆ. ಸೈಟು ನೋಡಲು ಬಂದವರು ಹತ್ತಿ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. "ಒಂದಿನಾನೂ ಕೈ ಕೊಟ್ಟಿಲ್ಲ ಇದು" ಎಂದು ದೊಡ್ಡಪ್ಪ ಅವರಿಗೆ ಹೇಳುವುದನ್ನು ಕಿವಿಯಾರೆ ಕೇಳಿದ್ದೇನೆ. ಮಾಗಿಯಲ್ಲಿ ಅವರೆಕಾಯಿ ಸುಲಿದರೆ ಬೆರಳಿಗೆ ಅಂಟಿ ಸ್ನಾನ ಮಾಡಿದರೂ ಹೋಗದಿದ್ದ ಆ ಸೊಗಡು ನಮಗೆ ಮತ್ತೆ ಸಿಗಲಿಲ್ಲ.

ಕಳೆದ ಸಂಕ್ರಾಂತಿಗೆ ನಮ್ಮಲ್ಲಿ ಊಟಕ್ಕೆ ಕೂತ ದೊಡ್ಡಪ್ಪ ಹಿದುಕವರೆ ಸಾರು ಮೂಸಿ ಮುಖ ಕಿವುಚಿದರು. "ನಮ್ಮೊಲದ ಅವರೆ ಸೊಗಡು ಇದ್ರಾಗೆ ಎಲ್ಲೈತಮ್ಮ?"

ಅಮ್ಮ ಈಗ ಬಾಗಿಲ ಹಿಂದೆ ನಿಲ್ಲುವುದಿಲ್ಲ. ಸೌಟು ಹಿಡಿದು ಎದುರಿಗೇ ನಿಂತು ಅಂದಳು: "ಟ್ಯಾಂಕಿಗೆ ಡೀಸೆಲ್ ಹಾಕ್ಸಿದ್ರೆ ಇರ್ತಿತ್ತು ಭಾವ."