ಶೀತಲಳ ದಾಖಲೆ ತರಲು ಹೋದ ಭೀಮವ್ವ

ದೌಂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಭೀಮವ್ವನ ಗುರುತು ಯಾರಿಗೂ ಹೇಳಬೇಕಾಗಿರಲಿಲ್ಲ. ಓಣಿಯ ಆ ತುದಿಯಲ್ಲಿ ಆಕೆ ಮಾತಿಗೆ ನಿಂತರೆ ಈ ತುದಿಯ ಮನೆಯವರಿಗೆ ಕುಕ್ಕರಿನ ಸೀಟಿ ಕೇಳಿಸುತ್ತಿರಲಿಲ್ಲ. ಕನ್ನಡನಾಡಿನ ಇಂಡಿ ಊರಿನ ಕಡೆಯ ಹುಡುಗಿ. ಮದುವೆಯಾಗಿ ಬಂದಾಗ ಆಕೆಗೆ ಮರಾಠಿಯ ಒಂದಕ್ಷರವೂ ಬರುತ್ತಿರಲಿಲ್ಲ. ಮುಂದೆ ಕಾಯಿಪಲ್ಲೆ ಕೊಳ್ಳುತ್ತ, ನೀರಿಗೆ ಜಗಳಾಡುತ್ತ ಅಷ್ಟಿಷ್ಟು ಕಲಿತಳು. ಆದರೆ ಗಂಡ ಈರಣ್ಣ ಡ್ಯೂಟಿಯಿಂದ ಬಂದರೆ ‘ಆಲೀ’, ಅಂದರೆ ಬಂದಳು ಎನ್ನುವಳು, ಹಾಲು ಹಾಕುವ ಹೆಂಗಸು ಬಂದರೆ ‘ಆಲಾ’, ಬಂದನು ಎನ್ನುವಳು. ಆಕೆಯ ಬಾಯಲ್ಲಿ ಗಂಡು ಹೆಣ್ಣಾಗುತ್ತಿತ್ತು, ಹೆಣ್ಣು ಗಂಡಾಗುತ್ತಿತ್ತು. ಯಾರಾದರೂ ನಕ್ಕರೆ ತಾನೂ ನಗುವಳು. “ಬಂದರಿಲ್ಲೋ? ಅದಷ್ಟ ಮುಖ್ಯ ಬಿಡ್ರಿ.”

ತಾನು ಕಲಿತದ್ದು ಎರಡನೇ ಇಯತ್ತೆ. ಹಾಗಾಗಿ ಮಗಳು ಶೀತಲ್ ಒಂಬತ್ತನೇ ಇಯತ್ತೆಗೆ ಬಂದಾಗ ಭೀಮವ್ವನಿಗೆ ನೆಲ ಕಾಣುತ್ತಿರಲಿಲ್ಲ. ಮುಂದಿನ ವರ್ಷ ಬೋರ್ಡ್ ಪರೀಕ್ಷೆ. ಹುಡುಗಿ ಮಾತು ಕಡಿಮೆ, ಹಟ ಹೆಚ್ಚು.

ಆ ವರ್ಷ, ಅಂದರೆ ತೊಂಬತ್ತೊಂಬತ್ತರಲ್ಲಿ, ಶಾಲೆಯವರು ಒಂದು ಹೊಸ ನಿಯಮ ತಂದಿದ್ದರು. ಬೇರೆ ಯಾವುದೋ ಊರಿನ ಶಾಲೆಯಲ್ಲಿ ಹುಡುಗರು ಹೊಡೆದಾಡಿ ಒಬ್ಬನಿಗೆ ಚಾಕು ಹಾಕಿದ್ದರು. ಆ ಸುದ್ದಿಗೆ ಹೆದರಿ, ಚಾಕು ತಂದವರನ್ನು, ಚಾಕು ಹಾಕುತ್ತೇನೆಂದು ಬಾಯಲ್ಲಿ ಅಂದವರನ್ನು ಸಹ ಅದೇ ದಿನ ಶಾಲೆಯಿಂದ ತೆಗೆದುಹಾಕುವುದು ಎಂದು ಗೋಡೆಗೆ ಬರೆಸಿದರು. ಯಾರ ಮಾತನ್ನೂ ಕೇಳುವುದಿಲ್ಲ, ಯಾರಿಗೂ ವಿನಾಯಿತಿ ಇಲ್ಲ. ಭೀಮವ್ವನೂ ಅಂದು, “ಛಲೋ ಆತು, ಮಕ್ಕಳು ಅಂಜಿಕಿಲೆ ಇರ್ತಾವ” ಎಂದಿದ್ದಳು. ಆ ನಿಯಮದಲ್ಲಿ ಮೊದಲು ಹೊರಗೆ ಹೋದವಳು ಶ್ರದ್ಧಾ. ಸ್ಟೇಷನ್ ಎದುರು ಹೋಟೆಲ್ ಇಟ್ಟಿದ್ದ ಕುಂದಾಪುರ ಕಡೆಯ ರಘುರಾಮರ ಮಗಳು, ಶೀತಲಳ ತರಗತಿಯವಳೇ.

ಎರಡನೆಯವಳು ಶೀತಲ್.

ನಡೆದದ್ದು ಇಷ್ಟು. ಊಟದ ಬಿಡುವಿನಲ್ಲಿ ಹುಡುಗಿಯರು ಶಾಲೆಯ ನಳದ ಹತ್ತಿರ ಸೇರಿದ್ದರು. ದೀಪಾಲಿ ಎಂಬವಳು ಶೀತಲಳ ಜಡೆ ಹಿಡಿದು ತಲೆಯನ್ನು ನೀರಿನ ಕೆಳಗೆ ಒತ್ತಿದಳು. “ಅಂಡು ಗುಂಡು ಠಂಡಾ ಪಾಣಿ! ಕಾನಡಿ ಬೋಲ್, ಕಾನಡಿ ಬೋಲ್!” ಎಂದು, ಕನ್ನಡ ಮಾತಾಡೆಂದು ಹಂಗಿಸುತ್ತ, ಉಳಿದವರು ಚಪ್ಪಾಳೆ ತಟ್ಟಿದರು. ಶೀತಲ್ ಉಸಿರುಗಟ್ಟಿ ಕೂಗಿಕೊಂಡಳು, ಕೊಸರಿಕೊಂಡು ಎದ್ದಳು, ಮುಖ ಒರೆಸಲು ವಸ್ತ್ರಕ್ಕಾಗಿ ಚೀಲದೊಳಗೆ ಕೈ ಹಾಕಿದಳು. ಅಷ್ಟರಲ್ಲಿ ಹುಡುಗಿಯರೆಲ್ಲ ಕಿರುಚುತ್ತ ಓಡಿದ್ದರು. ಶೀತಲ್ ಚಾಕು ತೆಗೆದಳು, ಚಾಕು ಚಾಕು ಎಂದು ತಾನೇ ಕೂಗಿದಳು ಎಂಬುದು ಅವರ ದೂರು!

ಚೀಲ ಹುಡುಕಿದರು. ಚಾಕು ಸಿಗಲಿಲ್ಲ. ಆದರೆ ಬಾಯಲ್ಲಿ ಅಂದರೂ ತಪ್ಪೇ. ಅಷ್ಟೂ ಹುಡುಗಿಯರು ಕಿವಿಯಾರೆ ಕೇಳಿದ್ದರು. ಮೋಠ್ಯಾ ಬಾಯಿ, ಅಂದರೆ ಹೆಡ್‌ಮೇಡಮ್ಮು, ಹೇಳಿ ಕಳಿಸಿದರು: ತಪ್ಪಾಯಿತೆಂದು ಬರೆದುಕೊಟ್ಟರೆ ಶಾಲೆ ಬಿಟ್ಟ ದಾಖಲೆಯನ್ನು ಸ್ವಚ್ಛವಾಗಿ ಕೊಡುತ್ತೇವೆ, ಬೇರೆ ಶಾಲೆಗೆ ಸೇರಿಸಿ. ಇಲ್ಲವಾದರೆ ಕಾರಣವನ್ನೂ ಅದರಲ್ಲಿ ಬರೆಯುತ್ತೇವೆ. ಅಂಥ ದಾಖಲೆ ಹಿಡಿದು ಬಂದವಳನ್ನು ನಡುವರ್ಷದಲ್ಲಿ ಯಾವ ಶಾಲೆಯವರು ಒಳಗೆ ಕರೆದಾರು? ಬೋರ್ಡ್ ಪರೀಕ್ಷೆಯ ಮಾತು ಅಲ್ಲಿಗೆ ಮುಗಿದಂತೆ.

ಈರಣ್ಣ ಗೂಡ್ಸ್ ಗಾಡಿಯ ಗಾರ್ಡು. ಸೊಲ್ಲಾಪುರಕ್ಕೆ ಡ್ಯೂಟಿ ಇತ್ತು, ಬೂಟು ಹಾಕಿಕೊಳ್ಳುತ್ತಲೇ ತೀರ್ಪು ಕೊಟ್ಟ. “ಬರದು ಕೊಟ್ಟು ಬಿಡಲಿ. ವಾಕಡದಾಗ ನನ್ನ ತಮ್ಮನ ಮನ್ಯಾಗ ಇದ್ದು ಓದತಾಳ. ರೂಲ್ ಸಂಗಾಟ ಯಾರು ಗುದ್ದಾಡ್ತಾರ?”

ಅವನು ಹೋದ ಮೇಲೆ ಭೀಮವ್ವ ಮಗಳನ್ನು ಒಲೆಯ ಮುಂದೆ ಕೂರಿಸಿಕೊಂಡಳು.

“ಖರೇ ಹೇಳು. ಅಂದೀಯೋ ಇಲ್ಲೋ?”

“ಇಲ್ಲವ್ವಾ.”

“ಮತ್ತ ಅಷ್ಟು ಮಂದಿ ಕೇಳೀವಿ ಅಂತಾರಲ್ಲ?”

“ಅವರ ಕಿವಿಗೆ ಏನಾಗೇದೋ ನನಗೇನು ಗೊತ್ತು?”

“ಸಿದ್ರಾಮೇಶ್ವರನ ಆಣಿ ಮಾಡು ನೋಡೋಣು.”

ಶೀತಲ್ ಎದ್ದು ನಿಂತಳು. “ಆಣಿ ಯಾಕ ಬೇ? ಹೇಳಿದ ಮಾತು ಸಾಲಂಗಿಲ್ಲೇನು?”

ಹುಡುಗಿ ಸುಳ್ಳಾಡುವವಳಲ್ಲ. ಆದರೆ ಅಷ್ಟೂ ಮಕ್ಕಳು ಸೇರಿ ಒಂದೇ ಸುಳ್ಳು ಹೇಳುತ್ತವೆಯೇ? ಭೀಮವ್ವನ ಮನಸ್ಸಿನೊಳಗೆ ಒಂದು ಅನುಮಾನ ಕೂತೇ ಇತ್ತು. ಮರುದಿನ ಒಗೆದ ಇಳಕಲ್ ಸೀರೆ ಉಟ್ಟು, ಮಗಳ ಕೈ ಹಿಡಿದು ಶಾಲೆಗೆ ಹೊರಟಳು. ದಾರಿಯುದ್ದಕ್ಕೂ ಗೋಗರೆದಳು, “ಬರದು ಕೊಟ್ಟುಬಿಡ ನನ್ನವ್ವ, ಕೈ ಮುಗೀತೀನಿ.”

ಆಫೀಸಿನಲ್ಲಿ ಮೋಠ್ಯಾ ಬಾಯಿ ಇದ್ದರು. ಪಕ್ಕದ ಮೇಜಿನಲ್ಲಿ ಗುಮಾಸ್ತರಾದ ಬಾಳಕೃಷ್ಣ ಸರ್ ಬೆನ್ನು ತಿರುಗಿಸಿ ಕೂತು ದಾಖಲೆ ಬರೆಯುತ್ತಿದ್ದರು. ಮೋಠ್ಯಾ ಬಾಯಿ ಕೆಟ್ಟವರಲ್ಲ. ಭೀಮವ್ವ ಕಣ್ಣಿಗೆ ಸೆರಗು ಒತ್ತಿಕೊಂಡದ್ದನ್ನು ಕಂಡು ಕುರ್ಚಿ ಕೊಟ್ಟರು, ಆಯಾಳಿಗೆ ಚಹಾ ತರಲು ಹೇಳಿದರು.

“ಭೀಮಾಬಾಯಿ, ನನಗೂ ಮಕ್ಕಳಿದ್ದಾರೆ,” ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. “ಆದರೆ ಒಬ್ಬಳನ್ನು ಬಿಟ್ಟರೆ ನಾಳೆ ಎಲ್ಲರನ್ನೂ ಬಿಡಬೇಕಾಗುತ್ತದೆ.”

ಆಯಾ ಕಿಟಲಿ ಬಗ್ಗಿಸಿ ಕಪ್ಪು ತುಂಬತೊಡಗಿದಳು. ಚಹಾ ಅಂಚಿಗೆ ಬಂತು, ಕೆಳಗಿನ ಬಸಿಗೆ ಹರಿಯಿತು, ಆಯಾಳ ಕಣ್ಣು ಮಾತ್ರ ಅಳುವ ಭೀಮವ್ವನ ಮುಖದ ಮೇಲೆ. ಬಿಸಿ ಚಹಾ ಸೀರೆಯ ಮೇಲೆ ಬೀಳುವಂತಾದಾಗ ಭೀಮವ್ವ ಕೈ ಅಡ್ಡ ಹಿಡಿದು, ತನ್ನ ಎಂದಿನ ದನಿಯಲ್ಲಿ ಕೂಗಿದಳು.

“ಸಾಕು, ಸಾಕು!”

ಬಾಳಕೃಷ್ಣ ಸರ್ ಕುರ್ಚಿಯೊಂದಿಗೇ ಜಿಗಿದು ತಿರುಗಿದರು. “ಚಾಕೂ? ಕುಠೆ ಆಹೇ ಚಾಕೂ?”

ಚಾಕು ಎಲ್ಲಿದೆ ಎಂದು ಕೇಳುತ್ತ ಅವರು ಮೇಜಿನ ಕೆಳಗೂ ಬಗ್ಗಿ ನೋಡಿದರು. ಮರಾಠಿಯವರ ಬಾಯಲ್ಲಿ ಚಾಕುವಿನ ‘ಚಾ’ ಹಲ್ಲಿಗೆ ತಾಗಿಯೇ ಬರುತ್ತದೆ. ಅವಸರದಲ್ಲಿ ಅದಕ್ಕೂ ‘ಸಾ’ಕ್ಕೂ ಭೇದ ತಿಳಿಯುವುದಿಲ್ಲ. ಭೀಮವ್ವ ಸರ್ ಮುಖ ನೋಡಿದಳು, ಮಗಳ ಮುಖ ನೋಡಿದಳು.

“ನಳದ ಕೆಳಗ ಏನಂತ ಒದರಿದಿ ಅವ್ವಿ?”

“ಮೂಗಿನಾಗ ನೀರು ಹೊಕ್ಕಿತ್ತು, ಏನು ಒದರಿದೆನೋ ನೆನಪಿಲ್ಲ...” ಎಂದು ಶುರುಮಾಡಿದ ಶೀತಲ್ ತಟ್ಟನೆ ತಾಯಿಯ ತೋಳು ಹಿಡಿದಳು. “ಅವ್ವಾ, ಸಾಕು ಅಂದಿದ್ದೆ! ಸಾಕು ಸಾಕು ಅಂದಿದ್ದೆ!”

ಭೀಮವ್ವನ ಅಳು ಎಲ್ಲಿ ಹೋಯಿತೋ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. “ಬಾಯಿ, ಆಮಚಾ ಸಾಕು ಮ್ಹಣಜೆ ತುಮಚಾ ಪುರೇ! ಪುರೇ, ಪುರೇ ಅಂದಾಳ ನನ್ನ ಕೂಸು! ತಲಿ ನೀರಾಗ ಒತ್ತಿದರ ಮತ್ತೇನಂದಾಳು?” ನಮ್ಮ ಸಾಕು ಅಂದರೆ ನಿಮ್ಮ ಪುರೇ ಎಂದು ಹೇಳಿದ್ದು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ. ಆದರೂ ಮೋಠ್ಯಾ ಬಾಯಿಗೆ ಒಂದೊಂದು ಮಾತೂ ಮುಟ್ಟಿತು. ಅವರು ಬಾಳಕೃಷ್ಣ ಸರ್ ಕೈಯಿಂದ ದಾಖಲೆಯನ್ನು ತೆಗೆದುಕೊಂಡು ಎರಡು ತುಂಡು ಮಾಡಿದರು. ದೀಪಾಲಿಯನ್ನು ನಾನು ನೋಡಿಕೊಳ್ಳುತ್ತೇನೆ, ನೀನು ವರ್ಗಕ್ಕೆ ಹೋಗು ಮಗೂ ಎಂದರು.

ಶೀತಲ್ ಹೋಗಲಿಲ್ಲ.

“ಬಾಯಿ, ಶ್ರದ್ಧಾಳನ್ನೂ ಕೇಳಬೇಕಲ್ಲವೇ?” ಎಂದು ಸ್ಪಷ್ಟ ಮರಾಠಿಯಲ್ಲಿ ಕೇಳಿದಳು.

“ಅವಳ ಚೀಲದಲ್ಲಿ ಚಾಕು ನಿಜವಾಗಿಯೂ ಇತ್ತು ಶೀತಲ್.”

“ಇತ್ತು. ಪೇರಲಹಣ್ಣು ಹೆಚ್ಚಲು ತಂದಿದ್ದಳು, ನಾವೆಲ್ಲ ತಿಂದೆವು. ಯಾಕೆ ತಂದೆ ಎಂದು ಅವಳನ್ನು ಯಾರೂ ಕೇಳಲೇ ಇಲ್ಲ. ನನ್ನನ್ನೂ ಕೇಳಿರಲಿಲ್ಲ.”

ಕೈಗೆ ಬಂದದ್ದು ಜಾರಿ ಹೋದರೆ? ಭೀಮವ್ವ ಮಗಳ ರಟ್ಟೆ ಹಿಂಡಿ ಹೊರಗೆ ಎಳೆದೊಯ್ಯೋಣ ಎಂದು ಕೈ ಚಾಚಿದಳು. ಆದರೆ ಹುಡುಗಿ ನಿಂತ ರೀತಿ ನೋಡಿ ಕೈ ಅಲ್ಲೇ ನಿಂತಿತು. ಹೆದರಿದ್ದಳು, ಆದರೂ ಕಣ್ಣು ಕೆಳಗೆ ಮಾಡಿರಲಿಲ್ಲ. ಇಂಥ ಮಗಳಿಗೇ ತಾನು ರಾತ್ರಿ ಆಣಿ ಮಾಡು ಅಂದದ್ದು! ಚಾಚಿದ ಕೈಯನ್ನು ಭೀಮವ್ವ ಮಗಳ ಬೆನ್ನ ಮೇಲಿಟ್ಟಳು.

“ಬಾಯಿ, ಮನ್ಯಾಗ ಹಾಲು ಚೆಲ್ಲಿದರ ಬೆಕ್ಕಿನ ಮೂತಿನಾದರೂ ನೋಡಿ ಹೊಡೀತೀವ್ರಿ. ಮಕ್ಕಳ ಮೂತಿ ನೋಡಬಾರದೇನ್ರಿ? ಚಾಕು ತಂದದ್ದು ತಪ್ಪಿದ್ದರ ಶಿಕ್ಷಾ ಕೊಡ್ರಿ. ಮೊದಲ ಕೇಳ್ರಿ.”

ಶೀತಲ್ ಅದನ್ನು ಮರಾಠಿಯಲ್ಲಿ ತಿರುಗಿಸಿ ಹೇಳಿದಳು, ಬೆಕ್ಕನ್ನೂ ಬಿಡದೆ.

ಮೋಠ್ಯಾ ಬಾಯಿ ರಘುರಾಮರಿಗೆ ಹೇಳಿ ಕಳಿಸಲು ಆಯಾಳನ್ನು ಅಟ್ಟಿದರು. ರಘುರಾಮ ಹೋಟೆಲಿನ ಹಣದ ಗಲ್ಲೆಯ ಮೇಲೆ ಮಾಣಿಯನ್ನು ಕೂರಿಸಿ ಮಗಳೊಂದಿಗೆ ಓಡಿ ಬಂದರು. ಮೋಠ್ಯಾ ಬಾಯಿ ಶ್ರದ್ಧಾಳನ್ನು ಕೂರಿಸಿ ಕೇಳಿದರು, ಅವಳು ಅಳುತ್ತ ಹೇಳಿದಳು. ಒಂದು ವಾರ ಬಿಡುವಿನ ಹೊತ್ತಿನಲ್ಲಿ ವಾಚನಾಲಯದ ಪುಸ್ತಕ ಒರೆಸುವ ಶಿಕ್ಷೆಯಾಯಿತು. ಅವಳು ಮತ್ತೆ ತರಗತಿಗೆ ಬಂದಳು. ಗೋಡೆಯ ನಿಯಮ ಅಳಿಸಲಿಲ್ಲ. ಆದರೆ ಮನೆಯವರನ್ನು ಕರೆಸಿ, ಮಗುವಿನ ಮಾತು ಕೇಳದೆ ಆಮೇಲೆ ಯಾರನ್ನೂ ಹೊರಗೆ ಹಾಕಲಿಲ್ಲ.

ಸುದ್ದಿ ಭೀಮವ್ವನಿಗಿಂತ ಮೊದಲೇ ಕ್ವಾರ್ಟರ್ಸ್ ಮುಟ್ಟಿತ್ತು. ಸಂಜೆ ಪಕ್ಕದ ಮನೆಯ ಹಿರಿಯಾಕೆ ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳಿದಳು. “ಅಲ್ಲ ಭೀಮವ್ವ, ನಿನ್ನ ಮಗಳದ ಕೆಲಸ ಆದ ಮ್ಯಾಲೆ ಸುಮ್ಮನ ಎದ್ದು ಬರಬೇಕಿಲ್ಲೋ? ಆ ಹೋಟೆಲಿನವರ ಉಸಾಬರಿ ನಿಮಗ ಯಾಕ?”

ಭೀಮವ್ವ ಒಣಗಿದ ಬಟ್ಟೆ ಮಡಚುತ್ತಿದ್ದಳು. ಶೀತಲಳ ಶಾಲೆಯ ಅಂಗಿಯನ್ನು ಝಾಡಿಸಿ, ನಿಧಾನಕ್ಕೆ ಮಡಚಿ ಎಲ್ಲದರ ಮೇಲಿಟ್ಟಳು.

“ನಾನೂ ಹಂಗ ಅನಕೊಂಡಿದ್ದೆ ಅಕ್ಕಾರ,” ಎಂದಳು, ಓಣಿಯ ಆ ತುದಿಗೂ ಕೇಳುವಂತೆ. “ಆಕಿ ಅನಕೊಳ್ಳಲಿಲ್ಲ ನೋಡ್ರಿ.”